ನಿಂತಾಗಷ್ಟೇ ಭಾರ

ಎತ್ತರ ಕಡಿಮೆ ಇರುವವರು ಭಾರಿ ಸ್ಪೋರ್ಟ್ಸ್ ಬೈಕಿನ ಆಸೆ ಹೇಳಿಕೊಂಡರೆ ಎದುರಿನವರು ಮೊದಲು ಕೇಳುವುದು ಕಾಲು ನೆಲಕ್ಕೆ ಎಟುಕುತ್ತದೆಯೇ ಎಂದು. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬೆನ್ನಿಗೇ ಬರುವ ತೀರ್ಮಾನ, ಎಟುಕದವರಿಗೆ ಅಂಥ ಬೈಕು ಹೇಳಿಸಿದ್ದಲ್ಲ ಎನ್ನುವುದು, ಮೋಟಾರ್‌ಸೈಕಲ್ಲಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೂ ಉಳಿಯುವುದಿಲ್ಲ. ಬೈಕಿನ ಭಾರ ಸವಾರರನ್ನು ಕಾಡುವುದು ಅದು ನಿಂತಾಗ, ನಿಲ್ಲುವ ಮೊದಲಿನ ಮತ್ತು ಹೊರಟ ನಂತರದ ನಾಲ್ಕಾರು ಮೀಟರಿನಲ್ಲಿ. ಆ ನಾಲ್ಕಾರು ಮೀಟರನ್ನು ನಿಭಾಯಿಸುವುದು ಕಲಿಸಬಹುದಾದ, ಅಳೆಯಬಹುದಾದ ವಿದ್ಯೆ. ಹಾಗಿದ್ದರೂ ನಿಯಮ ಮಾಡಿದವರು ಆ ವಿದ್ಯೆಯನ್ನು ಬಿಟ್ಟು ಬಹಳ ಕಾಲ ಸವಾರರ ಮೈಯನ್ನೇ ಅಳೆದರು. ಬೈಕು ಕಟ್ಟಿದವರು ಸೀಟನ್ನು ಏರಿಸುತ್ತಲೇ ಹೋದರು. ಈ ಎರಡರ ನಡುವೆ ಸಿಕ್ಕಿಕೊಂಡ ಗಿಡ್ಡ ಸವಾರರು, ಕೊರತೆ ತಮ್ಮದೇ ಎಂದು ನಂಬಿಕೊಂಡು ಬಂದಿದ್ದಾರೆ.

ಓಡುವ ಬೈಕಿಗೆ ಸವಾರರ ಎತ್ತರ ಲೆಕ್ಕಕ್ಕಿಲ್ಲ ಎನ್ನಲು ಸ್ಪೇನಿನ ರೇಸ್ ಸವಾರ ದಾನಿ ಪೆದ್ರೋಸಾಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಎತ್ತರ ಹೆಚ್ಚುಕಡಿಮೆ 160 ಸೆಂಟಿಮೀಟರ್, ಅಂದರೆ 5 ಅಡಿ 3 ಇಂಚು. ತೂಕ 50 ಕಿಲೋ ಚಿಲ್ಲರೆ. ಸಣ್ಣ ವರ್ಗಗಳಲ್ಲಿ 2003, 2004, 2005ರಲ್ಲಿ ಸಾಲಾಗಿ ಮೂರು ವಿಶ್ವ ಪಟ್ಟ ಗೆದ್ದು 2006ರಲ್ಲಿ ಅತಿ ದೊಡ್ಡ ವರ್ಗವಾದ ಮೋಟೊಜಿಪಿಗೆ ಬಂದಾಗ, ಇಷ್ಟು ಸಣ್ಣ ಆಳು 990 ಸಿಸಿಯ ಹೋಂಡಾವನ್ನು ಹೇಗೆ ಬಗ್ಗಿಸುತ್ತಾನೆ ಎಂಬ ಅನುಮಾನ ಅನೇಕರಲ್ಲಿತ್ತು. ಮುಂದಿನ 13 ವರ್ಷ ಹೋಂಡಾ ತಂಡದಲ್ಲೇ ಉಳಿದು ಆ ವರ್ಗದಲ್ಲೇ 31 ರೇಸು ಗೆದ್ದರು. ಪಟ್ಟ ದಕ್ಕಲಿಲ್ಲ, ಆದರೆ ಮೂರು ಸಲ ಎರಡನೆಯವರಾದರು. ನಿವೃತ್ತರಾಗಿ ವರ್ಷಗಳೇ ಕಳೆದ ಮೇಲೆ, 2023ರಲ್ಲಿ, ಕೆಟಿಎಂನ ಪರೀಕ್ಷಾ ಸವಾರರಾಗಿ ಇಟಲಿಯ ಮಿಸಾನೋದಲ್ಲಿ ಒಂದು ರೇಸಿಗೆ ಇಳಿದು ನಾಲ್ಕನೆಯವರಾಗಿ ಮುಗಿಸಿದಾಗ ಅವರಿಗೆ 37 ವರ್ಷ. ಅವರು ಓಡಿಸುವುದನ್ನು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ತಿರುವು ಮುಗಿಯುತ್ತಿದ್ದಂತೆ ಮೈಯನ್ನು ಒಳಬದಿಗೆ ಇನ್ನಷ್ಟು ಇಳಿಬಿಟ್ಟು, ಬೈಕನ್ನು ಮಾತ್ರ ಮಿಕ್ಕವರಿಗಿಂತ ಮೊದಲೇ ನೆಟ್ಟಗೆ ಮಾಡುತ್ತಾರೆ. ಟೈರಿನ ಅಗಲವಾದ ಭಾಗ ನೆಲ ಹಿಡಿದ ಮೇಲೆ ಆಕ್ಸಿಲರೇಟರ್ ತಿರುವುತ್ತಾರೆ. ಕಡಿಮೆ ತೂಕದ ಮೈಯಿಂದ ಹೆಚ್ಚು ಕೆಲಸ ತೆಗೆಯಲು ಅವರು ಕಂಡುಕೊಂಡ ದಾರಿ ಇದು.

ಇಂಥದೇ ಇನ್ನೊಂದು ಹೆಸರು ಆನಾ ಕರಾಸ್ಕೋ. ಸ್ಪೇನಿನ ಮುರ್ಸಿಯಾ ಸೀಮೆಯವರು, ಎತ್ತರ 155 ಸೆಂಟಿಮೀಟರ್ ಆಸುಪಾಸು. 2017ರಲ್ಲಿ ಪೋರ್ಚುಗಲ್ಲಿನ ಪೋರ್ಟಿಮಾವೋದಲ್ಲಿ ವಿಶ್ವ ಸೂಪರ್‌ಸ್ಪೋರ್ಟ್ 300 ರೇಸು ಗೆದ್ದು, ಒಂಟಿ ಸವಾರರ ವಿಶ್ವಮಟ್ಟದ ರಸ್ತೆ ರೇಸು ಗೆದ್ದ ಮೊದಲ ಮಹಿಳೆಯಾದರು. ಮರುವರ್ಷ ಆ ವರ್ಗದ ಪಟ್ಟವನ್ನು ಒಂದೇ ಒಂದು ಅಂಕದ ಅಂತರದಲ್ಲಿ ಗಂಡಸರ ಎದುರು ಗೆದ್ದುಕೊಂಡರು. ಹಗುರ ಮೈಯವರಿಗೆ ರೇಸಿನಲ್ಲಿ ಲಾಭ ಇದ್ದೇ ಇರುತ್ತದಲ್ಲ ಎಂದು ಕೆಲವರು ಇಲ್ಲಿ ತಕರಾರು ತೆಗೆಯಬಹುದು. ನೇರ ದಾರಿಯಲ್ಲಿ ವೇಗ ಏರಿಸುವಾಗ ಲಾಭ ಹೌದು. ಅದಕ್ಕೆಂದೇ ಸಣ್ಣ ವರ್ಗಗಳಲ್ಲಿ ಬೈಕನ್ನೂ ಸವಾರರನ್ನೂ ಸೇರಿಸಿ ತೂಗುತ್ತಾರೆ. ಆದರೆ ಟೈರಿಗೆ ಬೇಕಾದ ಬಿಸಿ ಹುಟ್ಟಿಸಲು ಹಗುರ ಸವಾರರು ಹೆಚ್ಚು ಹೆಣಗಬೇಕು, ಗಟ್ಟಿ ಟೈರು ಬಂದ ವರ್ಷಗಳಲ್ಲಿ ಪೆದ್ರೋಸಾ ಅನುಭವಿಸಿದ್ದು ಇದನ್ನೇ. ಲಾಭ ನಷ್ಟ ಎರಡೂ ಇವೆ. ಓಡಿಸಲು ಆಗುವುದೇ ಇಲ್ಲ ಎಂಬ ಮಾತಿಗೆ ಮಾತ್ರ ಎಲ್ಲಿಯೂ ಆಧಾರವಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಬೇರೆಯೇ ಇದೆ. ರೇಸಿನವರಿಗೆ ಬೈಕು ಹಿಡಿದುಕೊಳ್ಳಲು ಮೆಕ್ಯಾನಿಕ್‌ಗಳಿರುತ್ತಾರೆ, ಅವರು ಸಿಗ್ನಲ್ಲಿನಲ್ಲಿ ನಿಲ್ಲಬೇಕಾಗಿಲ್ಲ, ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಬೈಕನ್ನು ಹಿಂದಕ್ಕೆ ತಳ್ಳಬೇಕಾಗಿಲ್ಲ ಎನ್ನುವುದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಷ್ಟ ಎಲ್ಲಿದೆ ಎಂಬುದನ್ನು ಸರಿಯಾಗಿ ತೋರಿಸಿಕೊಡುವುದೇ ಇದು. ಆ ಕಷ್ಟ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಬೈಕಿನ ತೂಕ 200 ಕಿಲೋ, ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ, ಹಿಡಿದುಕೊಂಡ ಜಾಗ 1 ಮೀಟರ್ ಮೇಲೆ ಎಂದಿಟ್ಟುಕೊಳ್ಳಿ. ಬೈಕು 5 ಡಿಗ್ರಿ ವಾಲಿದಾಗ ಅದನ್ನು ತಡೆಯಲು ಬೇಕಾಗುವುದು 10 ಕಿಲೋಗೂ ಕಡಿಮೆ ಬಲ. 10 ಡಿಗ್ರಿಗೆ 19 ಕಿಲೋ. 30 ಡಿಗ್ರಿಗೆ 55 ಕಿಲೋ. ನೆಟ್ಟಗೆ ನಿಂತ ಬೈಕನ್ನು ಒಂದೇ ಪಾದದ ಮುಂಭಾಗ ಊರಿ ಯಾರು ಬೇಕಾದರೂ ಹಿಡಿಯಬಹುದು. ಹಿಡಿತ ಮೀರಿ ವಾಲಿದ ಬೈಕನ್ನು ಆರಡಿ ಆಳೂ ಹಿಡಿಯಲಾರ, ಹಿಡಿಯಲು ಹೋದರೆ ಮೊಣಕಾಲು ಕೆಡಿಸಿಕೊಳ್ಳುತ್ತಾನೆ. ಉದ್ದ ಕಾಲಿನವರಿಗೆ ಸಿಗುವುದು ತಪ್ಪು ತಿದ್ದಿಕೊಳ್ಳಲು ಇನ್ನೊಂದಷ್ಟು ಡಿಗ್ರಿಗಳ ಅವಕಾಶ. ಕೆಸರಿನಲ್ಲಿ, ಜಲ್ಲಿಯಲ್ಲಿ, ಇಳಿಜಾರಿನಲ್ಲಿ ಆ ಅವಕಾಶ ದೊಡ್ಡದೇ, ಅದನ್ನು ಅಲ್ಲಗಳೆಯುವುದು ಸುಳ್ಳು ಸಮಾಧಾನವಾಗುತ್ತದೆ. ಆದರೆ ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸು ಕೊಡ ವಾಲಿದ ಮೇಲೆ ಹಿಡಿಯಲು ಕಾಯುವುದಿಲ್ಲ, ವಾಲದಂತೆ ನಡೆಯುತ್ತಾಳೆ. ಬೈಕಿನದೂ ಅದೇ ಲೆಕ್ಕ.

ಈ ಕಷ್ಟ ಮೋಟಾರ್‌ಸೈಕಲ್ಲಿನ ಜೊತೆಗೆ ಹುಟ್ಟಿದ್ದೂ ಅಲ್ಲ. ಮೊದಲ ದಶಕಗಳ ಬೈಕುಗಳು ಸೈಕಲ್ಲಿನ ಚೌಕಟ್ಟಿನಿಂದಲೇ ಬೆಳೆದು ಬಂದವು. ಹಿಂಚಕ್ರಕ್ಕೆ ಸಸ್ಪೆನ್ಷನ್ ಇರಲಿಲ್ಲ. ಸ್ಪ್ರಿಂಗ್ ಹಾಕಿದ ತೊಗಲಿನ ಸೀಟು ಟ್ಯಾಂಕಿನ ಹಿಂದಿನ ತಗ್ಗಿನಲ್ಲಿ ಕೂತಿರುತ್ತಿತ್ತು. ಸವಾರರು ಎರಡು ಚಕ್ರಗಳ ನಡುವೆ, ಕೆಳಗೆ, ಕಾಲು ಚಾಚಿದರೆ ನೆಲ ಸಿಗುವಂತೆ ಕೂರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಹಿಂದಿನ ಸಸ್ಪೆನ್ಷನ್ ಎಲ್ಲ ಕಡೆ ಬಂತು. ಚಕ್ರ ಮೇಲೆ ಕೆಳಗೆ ಆಡಲು ಜಾಗ ಬೇಕಾಯಿತು, ಇಬ್ಬರು ಕೂರುವ ಉದ್ದ ಸೀಟು ಆ ಜಾಗದ ಮೇಲೇರಿತು. ನಿಜವಾದ ಏರಿಕೆ ಶುರುವಾದದ್ದು ರೇಸಿನ ಬೈಕನ್ನೇ ರಸ್ತೆಗೆ ಮಾರುವ ಕಾಲದಲ್ಲಿ. ಯಮಹಾ ವೈಝಡ್ಎಫ್-ಆರ್1 ಮಾದರಿಯೊಂದನ್ನೇ ನೋಡಿ. 1998ರಲ್ಲಿ ಬಂದಾಗ ಸೀಟಿನ ಎತ್ತರ 800 ಮಿಲಿಮೀಟರ್. 2004ರಲ್ಲಿ 835. 2015ರಲ್ಲಿ 855. ಈ 17 ವರ್ಷದಲ್ಲಿ ಬೈಕಿನ ಹತೋಟಿ ಎಷ್ಟೋ ಪಾಲು ಸುಧಾರಿಸಿತು. ಕೂರುವವರ ಕಾಲು ಮಾತ್ರ 55 ಮಿಲಿಮೀಟರ್ ಬೆಳೆಯಲಿಲ್ಲ.

ಸೀಟು ಏರಿದ್ದಕ್ಕೆ ಕಾರಣಗಳಿವೆ. ತಿರುವಿನಲ್ಲಿ ಬೈಕು ಹೆಚ್ಚು ಹೆಚ್ಚು ಮಲಗುವಂತಾದಾಗ ಫುಟ್‌ಪೆಗ್ಗು, ಸೈಲೆನ್ಸರು ನೆಲಕ್ಕೆ ಉಜ್ಜದಂತೆ ಇಡೀ ಬೈಕನ್ನು ಎತ್ತರಿಸಬೇಕಾಗುತ್ತದೆ. ಭಾರ ತುಸು ಮೇಲೂ ಮುಂದೂ ಇದ್ದರೆ ಬ್ರೇಕು ಹಿಡಿದಾಗ ಮುಂದಿನ ಟೈರಿಗೆ, ವೇಗ ಏರಿಸಿದಾಗ ಹಿಂದಿನ ಟೈರಿಗೆ ಒತ್ತು ಬೇಗ ಸಿಗುತ್ತದೆ. ರೇಸಿನ ಅಂಗಳದಲ್ಲಿ ಇವೆಲ್ಲ ಸರಿ. ಆದರೆ ಊರಿನ ರಸ್ತೆಯಲ್ಲಿ ಯಾರೂ ಬೈಕನ್ನು 60 ಡಿಗ್ರಿ ಮಲಗಿಸುವುದಿಲ್ಲ. ಅಲ್ಲಿನ ಸವಾರರು ದಿನಕ್ಕೆ ಹತ್ತಾರು ಸಲ ನಿಲ್ಲಬೇಕು, ಮತ್ತೆ ಹೊರಡಬೇಕು. ಈ ಸೀಟಿನ ಎತ್ತರ ಅವರಿಗಾಗಿ ಆರಿಸಿದ್ದಲ್ಲ, ಅವರ ಮೇಲೆ ಬಂದು ಬಿದ್ದದ್ದು. ಬೈಕು ದೊಡ್ಡದು, ನಾನು ಸಣ್ಣವಳು ಎಂದುಕೊಳ್ಳುವ ಸವಾರರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಅಂಜಿಕೆ ಇಳಿದೀತು.

ಇನ್ನು ಮೈಯಳೆದವರ ಕತೆ. 1962ರಲ್ಲಿ ಬೆರಿಲ್ ಸ್ವೈನ್ ಎಂಬ ಲಂಡನ್ನಿನ ಮಹಿಳೆ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ 50 ಸಿಸಿಯ ಇಟೋಮ್ ಬೈಕಿನಲ್ಲಿ ಸ್ಪರ್ಧಿಸಿದರು. ಟಿಟಿಯಲ್ಲಿ ಒಂಟಿಯಾಗಿ ಬೈಕು ಓಡಿಸಿದ ಮೊದಲ ಮಹಿಳೆ ಅವರು. ಗೇರು ಕೈಕೊಟ್ಟರೂ ಬಿಡದೆ 22ನೆಯವರಾಗಿ ಮುಗಿಸಿದರು. ಅದಾದ ಮೇಲೆ ಸವಾರರಿಗೆ ಒಂಬತ್ತೂವರೆ ಸ್ಟೋನ್, ಅಂದರೆ ಸುಮಾರು 60 ಕಿಲೋ, ಕನಿಷ್ಠ ತೂಕ ಇರಬೇಕೆಂಬ ನಿಯಮ ಬಂತು. ಸ್ವೈನ್ ಅಷ್ಟು ತೂಗುತ್ತಿರಲಿಲ್ಲ, ಅವರ ಲೈಸೆನ್ಸು ಹೋಯಿತು. ಅವರು ಓಡಿಸಿದ್ದು ಭಾರಿ ಬೈಕೇನೂ ಅಲ್ಲ, ಸೈಕಲ್ಲಿಗಿಂತ ಸ್ವಲ್ಪ ದೊಡ್ಡದು. ಅದಕ್ಕೇ ಈ ಪ್ರಕರಣ ಇಲ್ಲಿ ಮುಖ್ಯ. ಬೈಕಿನ ಭಾರಕ್ಕೂ ಸವಾರರ ಮೈಗೂ ಇರುವ ಸಂಬಂಧವನ್ನು ಯಾರಾದರೂ ಕೂತು ಯೋಚಿಸಿದ್ದರೆ 50 ಸಿಸಿ ಬೈಕಿಗೆ ಈ ನಿಯಮ ಬರುತ್ತಿರಲಿಲ್ಲ. ಟಿಟಿಯಲ್ಲಿ ಮತ್ತೊಬ್ಬ ಮಹಿಳೆ ಒಂಟಿಯಾಗಿ ಬೈಕು ಓಡಿಸಲು 1978ರವರೆಗೆ ಕಾಯಬೇಕಾಯಿತು.

ಈ ವಾದಕ್ಕೆ ಅತಿ ದೊಡ್ಡ ಪ್ರಯೋಗಶಾಲೆಯಾದದ್ದು ಜಪಾನ್. ಭಾರಿ ಬೈಕುಗಳನ್ನು ಜಗತ್ತಿಗೆ ಮಾರಿದ ದೇಶವೇ ಅವನ್ನು ತನ್ನ ಜನರ ಕೈಗೆ ಕೊಡಲು ಹಿಂಜರಿಯಿತು. 1969ರಲ್ಲಿ ಬಂದ ಹೋಂಡಾ ಸಿಬಿ750 ನಾಲ್ಕು ಸಿಲಿಂಡರಿನ, 67 ಅಶ್ವಶಕ್ತಿಯ, ಪೆಟ್ರೋಲು ತುಂಬಿಸುವ ಮೊದಲೇ 200 ಕಿಲೋ ಮೀರಿದ ಬೈಕು. ಗಂಟೆಗೆ 200 ಕಿಲೋಮೀಟರ್ ಮುಟ್ಟುತ್ತದೆ ಎಂದು ಹೆಸರಾಯಿತು, ಹುಡುಗರು ಮುಗಿಬಿದ್ದರು. ಅಪಘಾತಗಳು, ರಾತ್ರಿ ಗುಂಪು ಕಟ್ಟಿ ರಸ್ತೆಯಲ್ಲಿ ಅಬ್ಬರಿಸುವ ಪಡೆಗಳು ಸುದ್ದಿಯಾದವು. 1975ರಲ್ಲಿ ಸರ್ಕಾರ ಲೈಸೆನ್ಸನ್ನು ಒಡೆಯಿತು. ಸಾಮಾನ್ಯವಾಗಿ ಸಿಗುವುದು 400 ಸಿಸಿವರೆಗಿನ ಅನುಮತಿ ಮಾತ್ರ. ಅದನ್ನು ದಾಟಬೇಕಿದ್ದರೆ ಪ್ರಾಂತ್ಯದ ಲೈಸೆನ್ಸ್ ಕೇಂದ್ರಕ್ಕೆ ಹೋಗಿ ಪೊಲೀಸ್ ಪರೀಕ್ಷಕರ ಎದುರು ನೇರವಾಗಿ ಪರೀಕ್ಷೆ ಕೊಡಬೇಕು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಪಡೆಯುವ ದಾರಿ ಇಲ್ಲ. ಪರೀಕ್ಷೆಗೂ ಮೊದಲು ಇನ್ನೊಂದು ಜರಡಿ. ನೆಲಕ್ಕೆ ಮಲಗಿಸಿದ ಭಾರಿ ಬೈಕನ್ನು ಎತ್ತಿ ನಿಲ್ಲಿಸಬೇಕು, ಎಂಜಿನ್ ಆರಿಸಿದ ಬೈಕನ್ನು ಎಂಟರ ಆಕಾರದಲ್ಲಿ ತಳ್ಳಿಕೊಂಡು ನಡೆಯಬೇಕು, ಸೆಂಟರ್ ಸ್ಟ್ಯಾಂಡ್ ಹಾಕಬೇಕು. ಹೆಚ್ಚಿನವರು ಮತ್ತೆ ಮತ್ತೆ ಸೋತು ಬಂದರು. ಸಣ್ಣ ಮೈಯವರಲ್ಲಿ ಅನೇಕರು ಆ ಮೊದಲ ಜರಡಿಯನ್ನು ನೆನೆದೇ ಆಸೆ ಬಿಟ್ಟರು.

ಈ ನಿಯಮದಿಂದ ಯಾರೂ ಎಣಿಸದ ಒಂದು ಫಲ ಹುಟ್ಟಿತು, ಅದನ್ನು ಇಲ್ಲಿ ಹೇಳಲೇಬೇಕು. 408 ಸಿಸಿ ಇದ್ದ ತನ್ನ ಸಿಬಿ400 ಫೋರ್ ಬೈಕನ್ನು ಹೋಂಡಾ 1976ರಲ್ಲಿ 398ಕ್ಕೆ ಇಳಿಸಿತು. ಆಮೇಲಿನ 15 ವರ್ಷ ಜಪಾನಿನ ಎಂಜಿನಿಯರ್‌ಗಳು ರೇಸಿನಲ್ಲಿ ಕಲಿತದ್ದನ್ನೆಲ್ಲ ಈ 400 ಸಿಸಿಯ ಚೌಕಟ್ಟಿಗೆ ತುಂಬಿದರು. 1989ರ ಹೋಂಡಾ ವಿಎಫ್ಆರ್400ಆರ್ ಅದರ ತುತ್ತತುದಿ. ವಿ ಆಕಾರದ ನಾಲ್ಕು ಸಿಲಿಂಡರು, ಗೇರಿನಿಂದ ಓಡುವ ಕ್ಯಾಮ್‌ಗಳು, ಹಿಂಚಕ್ರಕ್ಕೆ ಒಂದೇ ಬದಿಯ ತೋಳು. ಇಷ್ಟಿದ್ದೂ ಸೀಟಿನ ಎತ್ತರ 755 ಮಿಲಿಮೀಟರ್, ಒಣ ತೂಕ 165 ಕಿಲೋ ಆಸುಪಾಸು. ಹಳೆಯ ಬೈಕಾಗಿ ಹಡಗೇರಿ ಬ್ರಿಟನ್ನಿಗೆ ಹೋದಾಗ ಅಲ್ಲಿನವರು ಬಯಸಿ ಕೊಂಡರು, ಐಲ್ ಆಫ್ ಮ್ಯಾನ್‌ನಲ್ಲಿ ರೇಸಿಗೂ ಬಳಸಿದರು. ಎತ್ತರದ ಸೀಟಿಲ್ಲದೆ ಒಳ್ಳೆಯ ಸ್ಪೋರ್ಟ್ಸ್ ಬೈಕು ಆಗುವುದಿಲ್ಲ ಎನ್ನುವವರಿಗೆ ಈ ಒಂದು ಬೈಕು ಸಾಕು. ಗಿಡ್ಡ ಮೈಗೆ ಹೊಂದುವ ಪೂರ್ತಿ ರೇಸಿನ ಗುಣದ ಬೈಕು ಬೇಕೆಂದು ಕಟ್ಟಿದ್ದಲ್ಲ ಅದು. ಕಾನೂನು ಅಡ್ಡ ಬಂದದ್ದರಿಂದ ಆದದ್ದು.

1996ರಲ್ಲಿ ನಿಯಮ ಮತ್ತೆ ಬದಲಾಯಿತು. ದೊಡ್ಡ ಬೈಕಿನ ಲೈಸೆನ್ಸು ಬೇರೆಯೇ ಆಯಿತು, ಡ್ರೈವಿಂಗ್ ಸ್ಕೂಲಿನಲ್ಲೇ ಕಲಿತು ಪಡೆಯಬಹುದಾಯಿತು. ಭಾರಿ ಬೈಕು ಮಾರುವ ಅಮೆರಿಕದ ಒತ್ತಾಯವೂ ಇದರ ಹಿಂದಿತ್ತು. ಆದರೆ ನನಗೆ ಮುಖ್ಯವಾಗಿ ಕಾಣುವುದು ಜರಡಿಯಾಗಿದ್ದದ್ದು ಪಾಠವಾದ ಬಗೆ. ಬಿದ್ದ ಬೈಕನ್ನು ಎತ್ತುವುದು ಈಗ ಮೊದಲ ದಿನದ ಪಾಠ. ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಹಿಡಿ, ಇನ್ನೊಂದು ಕೈಯಿಂದ ಹಿಂದಿನ ಹಿಡಿಕಂಬಿ ಹಿಡಿ, ಎದೆ ಸೊಂಟವನ್ನು ಸೀಟಿಗೆ ಒತ್ತಿ ಕೂತು, ಬೆನ್ನು ಬಗ್ಗಿಸದೆ ತೊಡೆಯ ಬಲದಿಂದ ಮುಂದಕ್ಕೆ ಏಳು. ಬೈಕು ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ತೆರೆದಿಡು, ಇಲ್ಲದಿದ್ದರೆ ಎತ್ತಿದ ಬೈಕು ಇನ್ನೊಂದು ಕಡೆಗೆ ಉರುಳುತ್ತದೆ. ಕೈಯಿಂದ ಎತ್ತಲು ಹೋದವರು ಸೋಲುತ್ತಾರೆ, ಕಾಲಿನಿಂದ ತಳ್ಳಿದವರು ಎಬ್ಬಿಸುತ್ತಾರೆ. ಬೆಟ್ಟದ ದಾರಿಯಲ್ಲಿ ಒಬ್ಬರೇ ಬಿದ್ದರೆ ಎತ್ತಲಾಗದವರಿಗೆ ಲೈಸೆನ್ಸು ಯಾಕೆ ಎಂಬ ಹಳೆಯ ಪರೀಕ್ಷಕರ ವಾದದಲ್ಲಿ ನ್ಯಾಯವಿತ್ತು. ಕಲಿಸದೆ ಕೇಳಿದ್ದು ಮಾತ್ರ ತಪ್ಪಾಗಿತ್ತು.

ಮುಖ್ಯ ಪರೀಕ್ಷೆಯೂ ಬಹಳ ಹೇಳುತ್ತದೆ. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಒಂದು ಕಟ್ಟೆ. ಅದರ ಮೇಲೆ ಬೈಕು ಬೀಳದಂತೆ ಹೋಗಬೇಕು, ಅದೂ ನಿಧಾನವಾಗಿ. 400 ಸಿಸಿಯವರಿಗೆ ಕನಿಷ್ಠ 7 ಸೆಕೆಂಡು, ದೊಡ್ಡ ಬೈಕಿನವರಿಗೆ ಕನಿಷ್ಠ 10. ಅಂದರೆ ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್, ಮನುಷ್ಯರ ನಡಿಗೆಯ ವೇಗ. ಬೇಗ ದಾಟಿದರೆ ಅಂಕ ಹೋಗುತ್ತದೆ, ಚಕ್ರ ಕೆಳಗಿಳಿದರೆ ಪರೀಕ್ಷೆಯೇ ಮುಗಿಯಿತು. ಬೈಕು ಭಾರವಾದಷ್ಟೂ ಹೆಚ್ಚು ನಿಧಾನವಾಗಿ ಓಡಿಸಿ ತೋರಿಸು ಎನ್ನುವ ಈ ನಿಯಮ ಮಾಡಿದವರಿಗೆ ಕಷ್ಟದ ಜಾಗ ಸರಿಯಾಗಿ ಗೊತ್ತಿತ್ತು. ಆ ಕಟ್ಟೆಯ ಮೇಲೆ ಕಾಲಿನ ಉದ್ದ ಏನೂ ಮಾಡದು. ಹಾಫ್ ಕ್ಲಚ್ಚಿನಲ್ಲಿ ಎಂಜಿನ್ ತಳ್ಳುತ್ತಿರಬೇಕು, ಬಲಗಾಲು ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿ ಆ ತಳ್ಳಾಟವನ್ನು ತಡೆಯುತ್ತಿರಬೇಕು, ಮೊಣಕಾಲು ಟ್ಯಾಂಕನ್ನು ಅಪ್ಪಿರಬೇಕು, ಕಣ್ಣು ಚಕ್ರದ ಮುಂದಲ್ಲ, ಕಟ್ಟೆಯ ಆಚೆ ತುದಿಯಲ್ಲಿರಬೇಕು. ನಿಲ್ಲುವಾಗಲೂ ಅಲ್ಲಿ ಕಲಿಸುವುದು ಒಂದೇ ಕಾಲು. ಬಲಗಾಲು ಬ್ರೇಕಿನ ಮೇಲೇ ಇರುತ್ತದೆ, ಎಡಗಾಲು ಮಾತ್ರ ಇಳಿಯುತ್ತದೆ. ಎರಡೂ ಕಾಲಿನ ತುದಿಬೆರಳಲ್ಲಿ ತೂಗಾಡುವ ಬದಲು ಸೊಂಟವನ್ನು ಸೀಟಿನ ಎಡಕ್ಕೆ ಅರ್ಧ ಜಾರಿಸಿದರೆ ಗಿಡ್ಡ ಸವಾರರಿಗೂ ಒಂದು ಪಾದ ಗಟ್ಟಿಯಾಗಿ ಸಿಗುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕು ಹಿಡಿಯದೆ, ಚಕ್ರ ನೇರ ಮಾಡಿಕೊಂಡು ನಿಲ್ಲಿಸುವುದನ್ನು ರೂಢಿಸಿಕೊಂಡರೆ, ನಿಂತಲ್ಲೇ ಬೈಕು ಬೀಳಿಸುವ ಪ್ರಸಂಗಗಳಲ್ಲಿ ಬಹುಪಾಲು ತಪ್ಪುತ್ತವೆ. ಜಪಾನಿನಂತೆ ಎಡಗಡೆ ಓಡಿಸುವ ನಮ್ಮ ರಸ್ತೆಗಳು ಅಂಚಿನ ಕಡೆಗೆ ತಗ್ಗಿರುತ್ತವೆ. ತೀರ ಅಂಚಿಗೆ ನಿಂತರೆ ಎಡಗಾಲಿಗೆ ನೆಲ ಇನ್ನಷ್ಟು ದೂರ. ಎಲ್ಲಿ ನಿಲ್ಲಬೇಕೆಂದು ಹತ್ತಿಪ್ಪತ್ತು ಮೀಟರ್ ಮೊದಲೇ ಆರಿಸಿಕೊಳ್ಳುವುದೂ ಈ ವಿದ್ಯೆಯದೇ ಭಾಗ.

ಇಷ್ಟೆಲ್ಲ ಯಾಕೆ, ಬೈಕನ್ನೇ ತಗ್ಗಿಸಿದರಾಯಿತಲ್ಲ ಎನ್ನುವವರಿದ್ದಾರೆ. ಹಿಂದಿನ ಶಾಕಿನ ಲಿಂಕು ಬದಲಿಸಿ ಒಂದಿಂಚು ಇಳಿಸುವುದು ಸುಲಭ, ಅಗ್ಗ. ಆದರೆ ಹಿಂಭಾಗ ಮಾತ್ರ ಇಳಿದರೆ ಮುಂದಿನ ಫೋರ್ಕು ಹೆಚ್ಚು ಓರೆಯಾಗಿ ಬೈಕು ತಿರುವಿಗೆ ಹೊರಳುವುದು ಮಂದವಾಗುತ್ತದೆ, ನೆಲದಿಂದ ಇರುವ ಅಂತರ ಕಡಿಮೆಯಾಗುತ್ತದೆ. ಸೈಡ್ ಸ್ಟ್ಯಾಂಡು ಉದ್ದವೆನಿಸಿ ನಿಲ್ಲಿಸಿದ ಬೈಕು ಮತ್ತೊಂದು ಕಡೆಗೆ ಬೀಳುವಷ್ಟು ನೆಟ್ಟಗಾಗುತ್ತದೆ. ಮುಂದಿನ ಫೋರ್ಕನ್ನೂ ತಕ್ಕಷ್ಟು ಇಳಿಸಿ ಸ್ಟ್ಯಾಂಡನ್ನೂ ಕತ್ತರಿಸಿದರೆ ದೋಷ ತಗ್ಗುತ್ತದೆ. ಇದಕ್ಕಿಂತ ಮೊದಲು ಸೀಟಿನ ಅಗಲ ನೋಡುವುದು ಜಾಣತನ. ತೊಡೆಯ ನಡುವಿನ ಭಾಗ ಅಗಲವಾಗಿದ್ದಷ್ಟೂ ಕಾಲು ಹೊರಕ್ಕೆ ಚಾಚಿ ನೆಲ ದೂರವಾಗುತ್ತದೆ. ಹಾಗಾಗಿ ಎತ್ತರವಾದರೂ ಮುಂದೆ ಕಿರಿದಾದ ಸೀಟು ತಗ್ಗಾದ ಅಗಲ ಸೀಟಿಗಿಂತ ಒಳ್ಳೆಯದಾಗಬಹುದು. ಇವೆಲ್ಲ ಉಪಯೋಗದವೇ. ಆದರೆ ವಿದ್ಯೆ ಕಲಿಯದವರಿಗೆ ತಗ್ಗಿಸಿದ ಬೈಕು ಕೊಡುವ ಧೈರ್ಯ ಮೊದಲ ಇಳಿಜಾರಿನವರೆಗೆ ಮಾತ್ರ.

ನಮ್ಮ ದೇಶದಲ್ಲಿ ಈ ಚರ್ಚೆ ತಡವಾಗಿ ಶುರುವಾಯಿತು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು, ಮದರಾಸಿನ ಬುಲೆಟ್ಟು ನಮ್ಮವರ ಕಣ್ಣಿಗೆ ಭಾರಿ ಬೈಕುಗಳಾಗಿದ್ದವು, ಮತ್ತು ಅವುಗಳ ಸೀಟು ಮಿತಿಯಲ್ಲಿತ್ತು. ನಿಜವಾದ ಭಾರಿ ಸ್ಪೋರ್ಟ್ಸ್ ಬೈಕು ಅಂಗಡಿಯಲ್ಲಿ ಸಿಗತೊಡಗಿದ್ದು ಯಮಹಾ ತನ್ನ ಆರ್1 ಅನ್ನು 2007ರ ಕೊನೆಗೆ ಇಲ್ಲಿಗೆ ತಂದಮೇಲೆ. ಗಂಡಸರ ಸರಾಸರಿ ಎತ್ತರ 165 ಸೆಂಟಿಮೀಟರ್ ಆಸುಪಾಸು, ಹೆಂಗಸರದು ಅದಕ್ಕಿಂತ ಹೆಚ್ಚುಕಡಿಮೆ ಅರ್ಧ ಗೇಣು ಕಡಿಮೆ ಇರುವ ದೇಶಕ್ಕೆ ಆ ಸೀಟುಗಳು ಹಾಗೆಯೇ ಬಂದವು. ಕೌಶಲಕ್ಕೆ ಎಲ್ಲೆಯಿಲ್ಲ ಎನ್ನಲು ನಮ್ಮಲ್ಲೂ ನಿದರ್ಶನವಿದೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್ಐಎಂ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮರಳು, ಕಲ್ಲಿನ ದಾರಿಯ ಆ ಸ್ಪರ್ಧೆಯ ಬೈಕುಗಳ ಸೀಟು ರಸ್ತೆಯ ಸ್ಪೋರ್ಟ್ಸ್ ಬೈಕಿಗಿಂತಲೂ ಎತ್ತರ.

ಆದರೆ ನಮ್ಮ ಲೈಸೆನ್ಸು ಜಪಾನಿನ ಎರಡೂ ಕಾಲದಿಂದ ಏನನ್ನೂ ಕಲಿತಿಲ್ಲ. ಆರ್‌ಟಿಒ ಮೈದಾನದಲ್ಲಿ 100 ಸಿಸಿಯ ಬೈಕಿನಲ್ಲಿ ಎಂಟು ಹಾಕಿದವರಿಗೆ ಸಿಗುವ ಗೇರುಳ್ಳ ಬೈಕಿನ ಲೈಸೆನ್ಸೇ 1000 ಸಿಸಿಗೂ ಸಾಕು. ಇಲ್ಲಿ ಯಾರ ಮೈಯನ್ನೂ ಅಳೆಯುವುದಿಲ್ಲ, ಅದು ಒಳ್ಳೆಯದು. ವಿದ್ಯೆಯನ್ನೂ ಅಳೆಯುವುದಿಲ್ಲ, ಆದ್ದರಿಂದ ಅಳೆಯುವ ಕೆಲಸ ಶೋರೂಮಿನವರ, ಗೆಳೆಯರ, ಮನೆಯವರ ಕಣ್ಣಿಗೆ ಬಿಟ್ಟುಹೋಗಿದೆ, ಆ ಕಣ್ಣು ನೋಡುವುದು ಮತ್ತೆ ಎತ್ತರವನ್ನೇ. ಆರಡಿ ಹುಡುಗನಿಗೆ ಯಾರೂ ಏನೂ ಕೇಳುವುದಿಲ್ಲ. ಐದಡಿಯ ಹುಡುಗಿ ಎಷ್ಟೇ ಚೆನ್ನಾಗಿ ಓಡಿಸಿದರೂ ಎಲ್ಲರೂ ಕೇಳುತ್ತಾರೆ. ಭಾರಿ ಬೈಕಿಗೆ ಬೇರೆ ಪರೀಕ್ಷೆ ಇಟ್ಟರೆ ಹೊಸಬರಿಗೆ ತೊಡಕಾದೀತೆಂದು ಹೇಳಬಹುದು. ಎತ್ತರ ಕಡಿಮೆ ಇರುವವರ ಮಟ್ಟಿಗೆ ಆಗುವುದು ಇದರ ತಿರುಗುಮುರುಗು. 10 ಸೆಕೆಂಡು ಕಟ್ಟೆಯ ಮೇಲೆ ಓಡಿಸಿ ಬಂದೆ ಎಂಬ ಚೀಟಿ ಕೈಯಲ್ಲಿದ್ದರೆ ಕಾಲಿನ ಅಳತೆ ಕೇಳುವವರಿಗೆ ಉತ್ತರ ಸಿದ್ಧವಿರುತ್ತದೆ. ಎಂಟು ಹಾಕಿಸುವ ಮೈದಾನದ ಒಂದು ಬದಿಯಲ್ಲಿ ಆ ಕಟ್ಟೆಗೆ 15 ಮೀಟರ್ ಜಾಗ ಈಗಲೂ ಇದೆ.